ಬೀಸುಬಲೆಯಲ್ಲಿ ಜೀವಂತ ಎರೆ: ಕಾಳಿಯಿಂದ ಶರಾವತಿಯವರೆಗೆ ಅಳಿವೆಯಲ್ಲಿ ಗಾಳ ಹಾಕುವವರಿಗೆ

ಕುರುಡಿ, ಕೆಂಬೇರಿಯಂಥ ಬೇಟೆಗಾರ ಮೀನಿಗೆಂದು ಬಂಗಡೆಯ ತುಂಡು ಕಟ್ಟಿ ಗಂಟೆಗಟ್ಟಲೆ ಕೂತರೆ ಹೆಚ್ಚಾಗಿ ಬರುವುದು ಏಡಿ, ಇಲ್ಲವೇ ಮೀಸೆಮೀನು. ಅದೇ ಗಾಳಕ್ಕೆ ಎರೆಯಾಗಿ ಬೆರಳುದ್ದದ ಜೀವಂತ ಶೆವಟೆ ಮೀನನ್ನೋ ಮೀಸೆ ಅಲ್ಲಾಡಿಸುವ ಶೆಟ್ಲಿಯನ್ನೋ (ಸಿಗಡಿ) ಚುಚ್ಚಿ ಬಿಟ್ಟರೆ ಲೆಕ್ಕವೇ ಬೇರೆ. ತೊಂದರೆಯೆಂದರೆ ಶೆವಟೆ ಸಾಮಾನ್ಯವಾಗಿ ಗಾಳಕ್ಕೆ ಬಾಯಿ ಹಾಕುವುದಿಲ್ಲ. ಕೆಸರಿನ ಮೇಲಿನ ಪಾಚಿ, ಕೊಳೆತ ಎಲೆಯ ಪುಡಿ ತಿಂದು ಬದುಕುವ ಮೀನು ಅದು. ಹಾಗಾಗಿ ಬಲೆ ಬೀಸದೆ ಬೇರೆ ದಾರಿಯಿಲ್ಲ.

ಬಲೆ ಬೀಸಲು ಕಲಿಯುವವರೆಲ್ಲ ಅದು ಗಾಳಿಯಲ್ಲಿ ದುಂಡಗೆ ಅರಳುವುದನ್ನೇ ನೋಡುತ್ತಾರೆ. ಅರಳಬೇಕು, ನಿಜ. ಆದರೆ ಎರೆ ಹಿಡಿಯುವವನಿಗೆ ಅದು ಅರ್ಧ ಕೆಲಸ ಮಾತ್ರ. ಸಾರಿಗೆ ಮೀನು ಹಿಡಿಯುವವನಿಗೆ ಮೀನು ಸತ್ತು ಬಂದರೂ ನಡೆಯುತ್ತದೆ. ಇಲ್ಲಿ ಹುರುಪೆ ಉದುರದೆ, ಕಿವಿರು ಹರಿಯದೆ, ಎರಡು ಗಂಟೆ ಬಕೆಟ್ಟಿನಲ್ಲಿ ಈಜುವ ಸ್ಥಿತಿಯಲ್ಲಿ ಬರಬೇಕು. ಬಲೆಯ ಕಣ್ಣು, ನಿಲ್ಲುವ ಜಾಗ, ಎಳೆಯುವ ವೇಗ ಎಲ್ಲವೂ ಈ ಒಂದು ಕಾರಣದಿಂದ ಬದಲಾಗುತ್ತವೆ.

ಯಾವ ಬಲೆ

ಬೀಸುಬಲೆ ಎಂದರೆ ಗಂಟೆಯಾಕಾರದ ಬಲೆ. ಮೇಲೆ ನೆತ್ತಿ, ನೆತ್ತಿಗೆ ಕಟ್ಟಿದ ಕೈಹಗ್ಗ, ಕೆಳಗೆ ಸೀಸದ ಮಣಿ ಪೋಣಿಸಿದ ಅಂಚು. ಅಂಚಿನ ರಚನೆಯಲ್ಲಿ ಎರಡು ಜಾತಿಯಿದೆ, ಕೊಳ್ಳುವಾಗ ಮೊದಲು ನೋಡಬೇಕಾದ್ದು ಅದನ್ನೇ.

ನಮ್ಮ ಹೊಳೆಗಳಲ್ಲಿ ಹೆಚ್ಚಾಗಿ ಕಾಣುವುದು ಚೀಲದ ಬಲೆ. ಅಂಚಿನ ಸುಮಾರು ಒಂದಡಿ ಬಲೆಯನ್ನು ಒಳಗೆ ಮಡಚಿ, ಒಂದು ಅಡಿಗೊಂದರಂತೆ ಗಿಡ್ಡ ದಾರದಿಂದ ಮೇಲಕ್ಕೆ ಕಟ್ಟಿರುತ್ತಾರೆ. ಬಲೆ ಎಳೆದಾಗ ಮಣಿ ನೆಲಕ್ಕೆ ಉಜ್ಜುತ್ತ ಒಟ್ಟಾಗುತ್ತದೆ; ಹೊರಗೆ ನುಗ್ಗಲು ಹೋದ ಮೀನು ಈ ಚೀಲಗಳಲ್ಲಿ ಸೇರಿಕೊಳ್ಳುತ್ತದೆ. ಇನ್ನೊಂದು, ಆನ್‌ಲೈನಿನಲ್ಲಿ ಸಿಗುವ ಅಮೆರಿಕನ್ ಮಾದರಿ. ಅದರಲ್ಲಿ ನೆತ್ತಿಯಲ್ಲಿ ಪ್ಲಾಸ್ಟಿಕ್ ಬಳೆ, ಅದರೊಳಗಿಂದ ಅಂಚಿಗೆ ಹೋಗುವ ಹತ್ತಾರು ಎಳೆಗಳು ಇರುತ್ತವೆ. ಕೈಹಗ್ಗ ಎಳೆದರೆ ಅಂಚು ಒಳಗಿನಿಂದ ಮುದುಡಿ ಸಂಚಿಯ ಬಾಯಿಯಂತೆ ಮುಚ್ಚಿಕೊಳ್ಳುತ್ತದೆ.

ಎರೆಗೆ ಯಾವುದು ಮೇಲು? ಮರಳು ನೆಲ, ಆಳ ಕಡಿಮೆ ಇದ್ದಲ್ಲಿ ಚೀಲದ ಬಲೆಯೇ ವಾಸಿ. ಶೆಟ್ಲಿಗಂತೂ ಅದನ್ನು ಮೀರಿಸಿದ್ದಿಲ್ಲ, ಏಕೆಂದರೆ ನೆಲಕ್ಕಂಟಿ ಹಿಂದಕ್ಕೆ ಚಿಮ್ಮುವ ಶೆಟ್ಲಿ ನೇರ ಚೀಲಕ್ಕೇ ಬೀಳುತ್ತದೆ. ಎಳೆಗಳ ಬಲೆ ದೋಣಿಯಿಂದ, ಜೆಟ್ಟಿಯಿಂದ ಬೀಸುವವರಿಗೆ ಅನುಕೂಲ. ನೆಲ ಮುಟ್ಟದಿದ್ದರೂ ಅದು ಮುಚ್ಚಿಕೊಳ್ಳುತ್ತದೆ. ಮೀನನ್ನು ಬಕೆಟ್ಟಿಗೆ ಸುರಿಯುವುದೂ ಅದರಲ್ಲಿ ಸುಲಭ: ನೆತ್ತಿಯ ಬಳೆ ಹಿಡಿದು ಎತ್ತಿದರೆ ಕೆಳಗೆ ಬಾಯಿ ತೆರೆದುಕೊಳ್ಳುತ್ತದೆ. ಚೀಲದ ಬಲೆಯಲ್ಲಿ ಒಂದೊಂದೇ ಚೀಲ ಬಿಡಿಸಬೇಕು, ಅಷ್ಟು ಹೊತ್ತು ಮೀನು ಗಾಳಿಯಲ್ಲಿರುತ್ತದೆ. ಅದಕ್ಕೇ ಚೀಲದ ಬಲೆಯವರು ಎಳೆದ ಮೇಲೂ ಅಂಚನ್ನು ಪಾದ ಮುಳುಗುವಷ್ಟು ನೀರಿನಲ್ಲೇ ಇಟ್ಟು ಬಿಡಿಸುವುದು ಒಳ್ಳೆಯದು.

ಉದ್ದ: ನೆತ್ತಿಯಿಂದ ಅಂಚಿಗೆ 6ರಿಂದ 7 ಅಡಿ. ಚೀಲಕ್ಕೆ ಮಡಚಿದ್ದನ್ನು ಬಿಟ್ಟು ಅಳೆಯಬೇಕು. ಕಲಿಯುವವರು 6 ಅಡಿಗಿಂತ ಮೇಲೆ ಹೋಗಬೇಡಿ. ಹತ್ತಡಿಯ ಬಲೆಯನ್ನು ಅರ್ಧ ಅರಳಿಸುವುದಕ್ಕಿಂತ ಆರಡಿಯದನ್ನು ಪೂರ್ತಿ ಅರಳಿಸಿದರೆ ಹೆಚ್ಚು ಮೀನು.

ಕಣ್ಣು: ಎಳೆದು ಹಿಡಿದಾಗ 18ರಿಂದ 20 ಮಿ.ಮೀ. ಮೂರು-ನಾಲ್ಕು ಇಂಚಿನ ಎರೆಗೆ ಇದು ಸರಿ. 30 ಮಿ.ಮೀ. ಕಣ್ಣಿನ ಬಲೆ ಬೇಗ ಮುಳುಗುತ್ತದೆ ನಿಜ, ಆದರೆ ನಾಲ್ಕಿಂಚಿನ ಶೆವಟೆ ಅದರಲ್ಲಿ ತಲೆ ತೂರಿಸಿ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿದ್ದನ್ನು ಎಷ್ಟು ನಾಜೂಕಾಗಿ ಬಿಡಿಸಿದರೂ ಹತ್ತು ನಿಮಿಷದಲ್ಲಿ ಹೊಟ್ಟೆ ಮೇಲೆ ಮಾಡುತ್ತದೆ. 18ಕ್ಕಿಂತ ಸಣ್ಣ ಕಣ್ಣು ಬೇಡ. ಬಲೆ ನಿಧಾನ ಮುಳುಗುತ್ತದೆ, ಮತ್ತು ಗಾಳಕ್ಕೂ ಬಾರದ, ಹೊಳೆಗೂ ನಷ್ಟವಾದ ಮರಿಗಳೆಲ್ಲ ಬರುತ್ತವೆ.

ನೂಲು: 0.18ರಿಂದ 0.20 ಮಿ.ಮೀ. ದಪ್ಪದ ತಂಗೂಸಿ, ಅಂದರೆ ಒಂಟಿ ಎಳೆಯ ನೈಲಾನ್ ನೂಲು. ಹೆಣೆದ ನೈಲಾನ್ ನೂಲಿನ ಬಲೆ ಮೆತ್ತಗಿರುತ್ತದೆ, ಆದರೆ ನೀರು ಕುಡಿದು ಭಾರವಾಗುತ್ತದೆ, ನಿಧಾನ ಮುಳುಗುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಅಂಚಿನ ಹಗ್ಗದ ಸುತ್ತಳತೆ ಅಳೆಯಿರಿ. ಆರಡಿ ಬಲೆಗೆ ಅದು ಹನ್ನೊಂದೂವರೆ ಮೀಟರಿನ ಹತ್ತಿರ, ಏಳಡಿಯದಕ್ಕೆ ಹದಿಮೂರೂವರೆ ಮೀಟರಿನ ಹತ್ತಿರ ಇರಬೇಕು. ಆರಡಿ ಬಲೆಯ ಅಂಚು ಎಂಟೇ ಮೀಟರ್ ಇದ್ದರೆ ಹೆಣೆಯುವಾಗ ಕೆಳಕೆಳಗೆ ಕಣ್ಣು ಹೆಚ್ಚಿಸುವುದರಲ್ಲಿ ಜಿಪುಣತನ ಮಾಡಿದ್ದಾರೆಂದು ಅರ್ಥ. ಅಂಥ ಬಲೆಯನ್ನು ಯಾರು ಬೀಸಿದರೂ ನೆಲದ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ.

ತೂಕದ ಲೆಕ್ಕವೂ ಅಂಚಿನಿಂದಲೇ. 15 ಗ್ರಾಮಿನ ಮಣಿ 7 ಸೆಂ.ಮೀ.ಗೊಂದರಂತೆ ಪೋಣಿಸಿದರೆ ಏಳಡಿ ಬಲೆಗೆ ಸುಮಾರು 190 ಮಣಿ, ಹತ್ತಿರ ಹತ್ತಿರ 2.9 ಕೆ.ಜಿ. ಎರೆಯ ಬಲೆಗೆ ಇದು ಹದ. ಇದಕ್ಕಿಂತ ತೀರಾ ಹಗುರವಾದರೆ ಶೆವಟೆ ಅಂಚಿನ ಕೆಳಗಿಂದ ಜಾರುತ್ತದೆ. ತೀರಾ ಭಾರವಾದರೆ ಕೆಸರಿನಲ್ಲಿ ಹೂತು ಅರ್ಧ ಹೊಳೆಯನ್ನೇ ಎಳೆದು ತರುತ್ತದೆ. ಸೀಸ ಮುಟ್ಟಿದ ಕೈಯಲ್ಲಿ ಅವಲಕ್ಕಿ ತಿನ್ನಬೇಡಿ, ತೊಳೆದುಕೊಳ್ಳಿ.

ಕೈಹಗ್ಗ 5ರಿಂದ 6 ಮೀಟರ್, ಕಿರುಬೆರಳಿಗಿಂತ ತುಸು ಸಪೂರ. ತೀರಾ ಸಣ್ಣ ಹಗ್ಗ ಒದ್ದೆ ಅಂಗೈಯನ್ನು ಕೊಯ್ಯುತ್ತದೆ.

ಹೊಸ ತಂಗೂಸಿ ಬಲೆ ಪೊಟ್ಟಣದಿಂದ ತೆಗೆದಾಗ ಸುರುಳಿ ಸುತ್ತಿ ಬಿರುಸಾಗಿರುತ್ತದೆ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಬಟ್ಟೆ ಮೆದುಗೊಳಿಸುವ ದ್ರಾವಣ ಒಂದು ಮುಚ್ಚಳ. ಅರ್ಧ ಗಂಟೆ ನೆನೆಸಿ, ಸಿಹಿನೀರಿನಲ್ಲಿ ಎರಡು ಸಲ ಜಾಲಾಡಿ, ನೆತ್ತಿಯಿಂದ ತೂಗುಹಾಕಿ. ಮಣಿಯ ಭಾರಕ್ಕೇ ಸುರುಳಿ ಬಿಟ್ಟುಕೊಳ್ಳುತ್ತದೆ.

ನೀರು ನೋಡುವುದು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ; ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಾರವಾರದ ಕಡೆ ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿ, ಬೆಳಗ್ಗೆ-ಸಂಜೆ ಬತ್ತುತ್ತದೆ. ಅಷ್ಟಮಿಯ ಹೊತ್ತಿಗೆ ಇದು ತಿರುವುಮುರುವು, ಏರಿಳಿತವೂ ಕಡಿಮೆ. ಅಳಿವೆಯಿಂದ ಮೇಲಕ್ಕೆ ಹೋದಷ್ಟೂ ಹೊತ್ತು ಹಿಂದೆ ಬೀಳುತ್ತದೆ: ಕೋಡಿಬಾಗದಲ್ಲಿ ನೀರು ತಿರುಗಿದ ಎಷ್ಟೋ ಹೊತ್ತಿನ ಮೇಲೆ ಕಡವಾಡದ ಕಡೆ ತಿರುಗುತ್ತದೆ. ಆದ್ದರಿಂದ ಬಂದರಿನ ಭರತದ ವೇಳಾಪಟ್ಟಿಯನ್ನು ಹಾಗೇ ನಂಬದೆ, ನೀವು ಬೀಸುವ ಜಾಗದಲ್ಲಿ ಒಂದು ಕೋಲು ನೆಟ್ಟು ಒಂದು ದಿನ ನೋಡಿಕೊಳ್ಳಿ.

ಎರೆ ಹಿಡಿಯಲು ಹೇಳಿಮಾಡಿಸಿದ ಹೊತ್ತು ಇಳಿತದ ಕೊನೆಯ ಎರಡು ತಾಸು. ಭರತದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ, ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಕಾಲುವೆಗಳಿಗೆ ಹರಡಿಹೋದ ಮರಿಮೀನು, ಶೆಟ್ಲಿ ನೀರು ಬತ್ತುತ್ತಿದ್ದಂತೆ ಸಣ್ಣ ತೋಡುಗಳ ಬಾಯಿಗೆ ಬಂದು ಸೇರುತ್ತವೆ. ಆ ಬಾಯಿಯ ಹೊರಗೆ, ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ ನಿಂತರೆ ಹುಡುಕುವ ಕೆಲಸವೇ ಇಲ್ಲ. ಭರತ ಶುರುವಾದ ಮೊದಲ ಒಂದು ತಾಸೂ ಅಡ್ಡಿಯಿಲ್ಲ. ತುಂಬಿದ ಭರತದಲ್ಲಿ ಮೀನು ಗಿಡಗಳ ನಡುವೆ. ಅಲ್ಲಿ ಬಲೆ ಬೀಸುವುದೆಂದರೆ ಬಲೆಯನ್ನು ಗಿಡಕ್ಕೆ ದಾನ ಕೊಟ್ಟಂತೆ.

ಶೆವಟೆಯ ಗುಂಪು ನೀರಿನ ಮೇಲೆ ಬಾಣದ ತುದಿಯಂಥ ಗೆರೆ ಎಳೆಯುತ್ತ ಸಾಗುತ್ತದೆ. ನಡುನಡುವೆ ಒಂದೆರಡು ಎಗರುತ್ತವೆ. ಎಗರಿದ ಜಾಗಕ್ಕೆ ಬೀಸಬೇಡಿ, ಗುಂಪು ಹೋಗುತ್ತಿರುವ ದಿಕ್ಕಿಗೆ ಒಂದು ಮಾರು ಮುಂದೆ ಬೀಸಿ. ಬೆಳ್ಳಕ್ಕಿ ಒಂದೇ ಕಡೆ ಕುತ್ತಿಗೆ ಚಾಚಿ ಅಲ್ಲಾಡದೆ ನಿಂತಿದೆಯೆಂದರೆ ಅಲ್ಲಿ ಮರಿಮೀನಿದೆ. ರಾತ್ರಿ ಟಾರ್ಚಿನ ಬೆಳಕಿಗೆ ಶೆಟ್ಲಿಯ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಬೆಳಕನ್ನು ಅವುಗಳ ಮೇಲೇ ಇಟ್ಟುಕೊಂಡು ಬೀಸಿದರೆ ಚಿಮ್ಮಿ ಹೋಗುತ್ತವೆ. ಜಾಗ ಗುರುತು ಹಿಡಿದು, ಬೆಳಕು ಆರಿಸಿ ಬೀಸಬೇಕು.

ಏನೂ ಕಾಣದಿದ್ದರೆ ಕರೆಯಬೇಕು. ಅರ್ಧ ಕೆ.ಜಿ. ಅಕ್ಕಿ ತೌಡು, ಒಂದು ಹಿಡಿ ನೆನೆಸಿದ ಶೇಂಗಾ ಹಿಂಡಿ, ಅಲ್ಲಿಯದೇ ಕೆಸರು ಕಲಸಿ ಕಿತ್ತಳೆ ಗಾತ್ರದ ಉಂಡೆ ಮಾಡಿ ಮೂರು-ನಾಲ್ಕನ್ನು ಒಂದೇ ಜಾಗದಲ್ಲಿ ಬಿಡಿ. ಕೆಸರು ಬೆರೆಸದಿದ್ದರೆ ತೌಡು ತೇಲಿ ಹೋಗಿ ಮೀನನ್ನೂ ಜೊತೆಗೆ ಕರೆದೊಯ್ಯುತ್ತದೆ. ಹತ್ತು-ಹದಿನೈದು ನಿಮಿಷ ದೂರ ನಿಂತು ಆಮೇಲೆ ಬೀಸಿ.

ಮಳೆ ಮುಗಿದು ಹೊಳೆ ತಿಳಿಯಾಗುವ ಸೆಪ್ಟೆಂಬರ್-ಅಕ್ಟೋಬರಿನಿಂದ ಕೆಲಸ ಸಲೀಸು. ಡಿಸೆಂಬರ್ ದಾಟಿದ ಮೇಲೆ ನೀರು ಗಾಜಿನಂತಾಗಿ ಮೀನಿಗೆ ಬಲೆಯೂ ಕಾಣುತ್ತದೆ, ನಿಮ್ಮ ನೆರಳೂ ಕಾಣುತ್ತದೆ. ಆಗ ಬೆಳಕು ಹರಿಯುವ ಹೊತ್ತು, ಮುಚ್ಚಂಜೆಯ ಹೊತ್ತು ಬಿಟ್ಟು ಬೇರೆ ವೇಳೆ ಬೀಸುವುದು ತೋಳಿಗೆ ವ್ಯಾಯಾಮ ಅಷ್ಟೆ.

ಎಲ್ಲಿ ನಿಲ್ಲಬಹುದು, ಎಲ್ಲಿ ಬಾರದು

ಮಟ್ಟವಾದ ಮರಳುಗೆಸರು ನೆಲ, ಸೊಂಟದೊಳಗಿನ ನೀರು, ಹತ್ತಿರದಲ್ಲೊಂದು ತೋಡಿನ ಬಾಯಿ. ಇಷ್ಟಿದ್ದರೆ ಸಾಕು. ಕಾಳಿಯಲ್ಲಿ ಸುಂಕೇರಿ-ಕಡವಾಡದ ಬದಿ, ಗಂಗಾವಳಿಯಲ್ಲಿ ಮಂಜಗುಣಿಯ ಸುತ್ತ, ಅಘನಾಶಿನಿಯಲ್ಲಿ ತದಡಿಯಿಂದ ಮಾಸೂರುವರೆಗಿನ ಹಿನ್ನೀರು, ಶರಾವತಿಯಲ್ಲಿ ಮಾವಿನಕುರ್ವೆಯ ಸುತ್ತಮುತ್ತ ಇಂಥ ನೆಲ ಸಿಗುತ್ತದೆ.

ಬಾರದ ಜಾಗಗಳು ಇನ್ನೂ ಮುಖ್ಯ. ಕಲ್ವ ಎಂಬ ಚೂಪಂಚಿನ ಚಿಪ್ಪು ಅಂಟಿದ ಬಂಡೆ, ಹಳೆಯ ಜೆಟ್ಟಿಯ ಕಂಬ ತಂಗೂಸಿಯನ್ನು ಬ್ಲೇಡಿನಂತೆ ಕೊಯ್ಯುತ್ತವೆ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಜಾಗದ ಸುತ್ತ ಹೋಗಲೇಬೇಡಿ. ಸೇತುವೆಯ ಕಂಬಗಳ ಬುಡದಲ್ಲಿ ಸುಳಿಯೂ ಇರುತ್ತದೆ. ಬಿಣಗಾ, ಅರಗಾ ಕಡೆಯ ನೌಕಾನೆಲೆಯ ನಿಷಿದ್ಧ ನೀರಿನ ಬಗ್ಗೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಗಜನಿಯ ಜಂತ್ರಡಿಯ (ನೀರು ಬಿಡುವ ತೂಬಿನ) ಬಾಯಿಯಲ್ಲಿ ಮೀನು, ಶೆಟ್ಲಿ ರಾಶಿ ಇರುತ್ತದೆ, ನೋಡಿದವನ ಕೈ ತುರಿಸುವುದು ಸಹಜ. ಆದರೆ ಗಜನಿಯ ಮೀನುಗಾರಿಕೆಯನ್ನು ವರ್ಷಕ್ಕಿಷ್ಟು ಎಂದು ಹರಾಜಿನಲ್ಲಿ, ಗೇಣಿಯಲ್ಲಿ ಹಿಡಿದವರಿರುತ್ತಾರೆ. ಕೇಳದೆ ಬೀಸಿದರೆ ಅದು ಕಳವು. ಗೂಟದ ಬಲೆ ಕಟ್ಟಿದ ಸಾಲಿನಿಂದಲೂ ಐವತ್ತು ಮಾರು ದೂರವಿರಿ. ಬತ್ತಿದ ನೀರಿನಲ್ಲಿ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು ಇದ್ದರೆ ಅವರ ಆಚೆ ಬದಿಗೆ ಹೋಗಿ, ಮೂರು ಕೆ.ಜಿ. ಸೀಸ ಯಾರ ತಲೆಗೂ ಬೀಳಬಾರದು. ಅಘನಾಶಿನಿ ಅಳಿವೆ 2024ರಿಂದ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಭೂಮಿಗಳ ಪಟ್ಟಿಯಲ್ಲಿದೆ. ನಿಮಗೆ ಬೇಕಾದ್ದು ಹದಿನೈದು ಎರೆ. ಹದಿನೈದಾದ ಮೇಲೆ ಬಲೆ ಮಡಚಿ.

ಮಳೆಗಾಲದ ಮಾತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಇರುವುದು ಯಾಂತ್ರಿಕ ದೋಣಿಗಳಿಗೆ, ದಡದ ಬೀಸುಬಲೆಗೆ ಅಲ್ಲ. ಆದರೂ ಆಗ ಹೊಳೆಗೆ ಇಳಿಯುವುದು ಜಾಣತನವಲ್ಲ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕಾಳಿಯಲ್ಲಿ, ಗೇರುಸೊಪ್ಪದಿಂದ ಬಿಟ್ಟರೆ ಶರಾವತಿಯಲ್ಲಿ ಇಳಿತದ ಹೊತ್ತಲ್ಲೂ ನೀರು ಏರುತ್ತದೆ. ಬೇಸಿಗೆಯಲ್ಲೂ ಈ ಎರಡು ಹೊಳೆಗಳಲ್ಲಿ ಸೆಳವು ಲೆಕ್ಕ ತಪ್ಪಿದಂತೆ ಕಂಡರೆ ಕಾರಣ ಮೇಲಿನ ವಿದ್ಯುದಾಗಾರವಿರಬಹುದು. ಅಘನಾಶಿನಿಗೆ ಅಣೆಕಟ್ಟೆಯ ಕಾಟವಿಲ್ಲ, ಅಲ್ಲಿ ಭರತ-ಇಳಿತದ ಲೆಕ್ಕವೇ ಲೆಕ್ಕ.

ಕೆಸರಿನಲ್ಲಿ ನಡೆಯುವಾಗ ಹೆಜ್ಜೆ ಎತ್ತಿ ಇಡಬೇಡಿ, ಪಾದ ಉಜ್ಜುತ್ತ ಸಾಗಿ. ನೆಲಕ್ಕೆ ಒತ್ತಿ ಮಲಗಿದ ತೊರಕೆ ಮೀನು ಸದ್ದಿಗೆ ಎದ್ದು ಹೋಗುತ್ತದೆ. ಅದರ ಮೇಲೆ ಕಾಲಿಟ್ಟರೆ ಮಾತ್ರ ಬಾಲದ ಮುಳ್ಳು ಬೀಸುತ್ತದೆ. ಚುಚ್ಚಿದರೆ ಸಹಿಸುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ನೋವು ಇಳಿಸಿಕೊಂಡು ಆಸ್ಪತ್ರೆಗೆ ಹೋಗಬೇಕು. ಮುರಿದ ಮುಳ್ಳು ಒಳಗಿದ್ದರೆ ಕೀವಾಗುತ್ತದೆ. ಬರಿಗಾಲಿಗಿಂತ ಹಳೆಯ ಬಿಗಿ ಬೂಟು ಒಳ್ಳೆಯದು, ಕಲ್ವದ ಅಂಚಿಗೂ ಅದೇ ರಕ್ಷೆ.

ಬಲೆ ಹೇರಿಕೊಳ್ಳುವುದು, ಬೀಸುವುದು

ಕೈಗಡಿಯಾರ, ಉಂಗುರ, ಗುಂಡಿಯಂಗಿ ಯಾವುದೂ ಬೇಡ. ಬಲೆಯ ಕಣ್ಣು ಗುಂಡಿಗೆ ಸಿಕ್ಕರೆ ಬಲೆಯ ಜೊತೆ ನೀವೂ ಹೋಗುತ್ತೀರಿ. ಬನಿಯನ್ ಸಾಕು. ಕೆಳಗಿನದು ಬಲಗೈಯವರಿಗೆ, ಎಡಚರು ಎಡ-ಬಲ ಅದಲುಬದಲು ಮಾಡಿಕೊಳ್ಳಿ.

1. ಕೈಹಗ್ಗದ ತುದಿಯ ಕುಣಿಕೆಯನ್ನು ಎಡ ಮಣಿಕಟ್ಟಿಗೆ ಹಾಕಿ. ಬೇಕೆಂದಾಗ ಕೊಡವಿದರೆ ಕಳಚುವಷ್ಟು ಸಡಿಲವಿರಲಿ. ಜೀರುಗುಣಿಕೆ ಖಂಡಿತ ಬೇಡ. ಬಲೆ ಸೆಳವಿಗೋ ದೋಣಿಗೋ ಸಿಕ್ಕರೆ ಕೈ ಬಿಡಿಸಿಕೊಳ್ಳಲಾಗದು.

2. ಉಳಿದ ಹಗ್ಗವನ್ನು ಗೇಣುದ್ದದ ಸುರುಳಿಗಳಾಗಿ ಎಡ ಅಂಗೈಗೆ ತೆಗೆದುಕೊಳ್ಳಿ, ಒಂದರ ಮೇಲೊಂದು, ಅಡ್ಡ ಬೀಳದಂತೆ.

3. ಅದೇ ಕೈಯಲ್ಲಿ ನೆತ್ತಿ ಹಿಡಿದು ಬಲೆಯನ್ನು ನೇರ ತೂಗಲು ಬಿಡಿ. ಎರಡು ಸಲ ಕೊಡವಿ. ತಿರುಚಿಕೊಂಡಿದ್ದರೆ ಅಂಚು ತಾನೇ ಸುತ್ತಿ ಬಿಡಿಸಿಕೊಳ್ಳುವವರೆಗೆ ಕಾಯಿರಿ. ಬಲೆ ಕೆಡುವ ಹತ್ತರಲ್ಲಿ ಐದು ಬೀಸಿಗೆ ಈ ಅವಸರವೇ ಕಾರಣ.

4. ನೆತ್ತಿಯ ಕಡೆಯ ಬಲೆಯನ್ನು ಒಂದೋ ಎರಡೋ ದೊಡ್ಡ ಮಡಿಕೆಯಾಗಿ ಎಡಗೈಗೆ ಸೇರಿಸಿ. ಎಡಗೈ ಎದೆಯ ಮಟ್ಟದಲ್ಲಿದ್ದಾಗ ಮಣಿಯ ಅಂಚು ನೆಲದಿಂದ, ನೀರಿನಲ್ಲಿ ನಿಂತಿದ್ದರೆ ನೀರಿನ ಮೇಲ್ಮೈಯಿಂದ, ಒಂದು ಗೇಣು ಮೇಲಿರಬೇಕು.

5. ಎಡಬದಿಯ ಅಂಚನ್ನು ಸುಮಾರು ಎರಡಡಿಯಷ್ಟು ಎತ್ತಿ ಎಡ ಮೊಣಕೈಯ ಹೊರಗಿನಿಂದ ಮೇಲೆ ಹೊದಿಸಿ. ಮಣಿಗಳು ತೋಳಿನ ಹಿಂಬದಿಗೆ ಬೀಳಲಿ. ಹಲವರು ಈ ಭಾಗವನ್ನು ಹಲ್ಲಿನಲ್ಲಿ ಕಚ್ಚುತ್ತಾರೆ. ಮೊಣಕೈ ಇರುವಾಗ ಹಲ್ಲು ಏಕೆ? ಸೀಸ, ಬಂದರಿನ ನೀರು, ಬಿಡಲು ಮರೆತರೆ ಹೋಗುವ ಮುಂಬಲ್ಲು. ಮೂರೂ ಬೇಡದ ವ್ಯವಹಾರ.

6. ತೂಗುತ್ತಿರುವ ಉಳಿದ ಬಲೆಯಲ್ಲಿ ಅರ್ಧದಷ್ಟನ್ನು ಬಲಗೈಯಲ್ಲಿ ಹಿಡಿಹಿಡಿಯಾಗಿ ತೆಗೆದುಕೊಳ್ಳಿ, ಹೆಬ್ಬೆರಳಿನಡಿ ಅಂಚಿನ ಹಗ್ಗ ಸಿಕ್ಕಿರಲಿ. ಈಗ ಬಲೆ ಮೂರು ಪಾಲು: ಮೊಣಕೈ ಮೇಲೊಂದು, ಎಡಗೈಯಿಂದ ತೂಗುವುದೊಂದು, ಬಲಗೈಯಲ್ಲೊಂದು.

7. ಎಡಗಾಲು ಮುಂದೆ, ಎಡ ಭುಜ ಗುರಿಯ ಕಡೆ. ಸೊಂಟದಿಂದ ಬಲಕ್ಕೆ ತಿರುಗಿ, ಬಲೆ ಹಿಂದಕ್ಕೆ ತೂಗುವಷ್ಟು ಒಂದು ಲಯ ತೆಗೆದುಕೊಂಡು, ಅದೇ ಓಘದಲ್ಲಿ ಎಡಕ್ಕೆ ತಿರುಗಿ. ಮೊದಲು ಬಲಗೈ ಬಿಡಬೇಕು: ನೇರ ಮುಂದಕ್ಕಲ್ಲ, ಹೊರಗಿನಿಂದ ಸುತ್ತಿಸಿ, ಅಂಗಳಕ್ಕೆ ಬಕೆಟ್ಟಿನ ನೀರು ಅಗಲವಾಗಿ ಎರಚುವ ಹಾಗೆ. ಕ್ಷಣ ತಡೆದು ಎಡಗೈ ಬೆರಳು ಬಿಡಿಸಿ. ಮೊಣಕೈಯ ಮೇಲಿನದು ತಾನೇ ಜಾರಿ ಕೊನೆಯಲ್ಲಿ ಹೋಗುತ್ತದೆ. ಬಿಡುವ ಎತ್ತರ ಎದೆಮಟ್ಟ, ಕೋನ ತುಸು ಮೇಲಕ್ಕೆ.

ಬಲೆ ನಿಮ್ಮಿಂದ ಮೂರು-ನಾಲ್ಕು ಮೀಟರ್ ದೂರ ಬಿದ್ದರೆ ಸಾಕು. ದೂರಕ್ಕೆ ಎಸೆಯುವ ಆಸೆಯಲ್ಲಿ ತೋಳಿನ ಬಲ ಹಾಕಿದಷ್ಟೂ ಬಲೆ ಉದ್ದಕ್ಕೆ ಹೋಗುತ್ತದೆ, ಅಗಲಕ್ಕೆ ಅಲ್ಲ. ಅರಳಿಸುವುದು ಸೊಂಟದ ತಿರುವು.

ಮೊದಲ ಮೂವತ್ತು-ನಲವತ್ತು ಬೀಸು ಒದ್ದೆ ಮರಳಿನ ಮೇಲೆ ಆಗಲಿ. ಕಾರವಾರದ ಟಾಗೋರ್ ಕಡಲತೀರದಂಥ ಮೆತ್ತನೆ ಮರಳಿನಲ್ಲಿ ಬೆಳಗ್ಗೆ ಜನ ಬರುವ ಮೊದಲು ಅಭ್ಯಾಸ ಮಾಡಿದರೆ ಇನ್ನೊಂದು ಲಾಭ: ಮಣಿ ಬಿದ್ದ ಗುರುತು ಮರಳಿನ ಮೇಲೆ ಉಳಿಯುತ್ತದೆ, ನಿಮ್ಮ ತಪ್ಪು ಚಿತ್ರ ಬರೆದಂತೆ ಕಾಣುತ್ತದೆ. ಕೊಯ್ದ ಗದ್ದೆಯ ಕೂಳೆಯ ಮೇಲೆ, ಜಂಬಿಟ್ಟಿಗೆಯ ಅಂಗಳದಲ್ಲಿ ಬೇಡ.

ಗುರುತು ಕುಡುಗೋಲಿನಂತೆ ಬಾಗಿದ್ದರೆ ಎಡಗೈ ತಡವಾಗಿ ಬಿಟ್ಟಿದ್ದೀರಿ, ಇಲ್ಲವೇ ಮೊಣಕೈಯ ಭಾಗ ಸಿಕ್ಕಿಕೊಂಡು ಜಗ್ಗಿದೆ. ಉದ್ದನೆಯ ಸೌತೆಕಾಯಿಯಂತಿದ್ದರೆ ಬಲಗೈ ನೇರ ಮುಂದಕ್ಕೆ ಎಸೆದಿದೆ, ಸುತ್ತು ಸಾಲದು. ಬಲೆ ದುಂಡಗೆ ಅರಳಿ ನೀರು ಮುಟ್ಟುವ ಮೊದಲೇ ಮುದುಡಿದರೆ ಕೈಹಗ್ಗದ ಸುರುಳಿ ಸಿಕ್ಕಿದೆ ಅಥವಾ ಗುರಿ ಹಗ್ಗದ ಉದ್ದಕ್ಕಿಂತ ದೂರವಾಗಿದೆ. ಒಟ್ಟು ಮುದ್ದೆಯಾಗಿ ಬಿದ್ದರೆ ಎರಡೂ ಕೈ ಒಟ್ಟಿಗೆ ಬಿಟ್ಟಿದ್ದೀರಿ. ಒಂದು ಬದಿ ಸದಾ ಮಡಚಿಕೊಂಡೇ ಬೀಳುತ್ತಿದ್ದರೆ ನಿಮ್ಮನ್ನು ಬಯ್ದುಕೊಳ್ಳುವ ಮೊದಲು ಅಂಚು ನೋಡಿ. ಎರಡು ಮಣಿಗಳ ನಡುವೆ ಬಲೆಯ ಕಣ್ಣು ಸಿಕ್ಕಿರುತ್ತದೆ, ಇಲ್ಲವೇ ಒಣಕಡ್ಡಿ ಕೂತಿರುತ್ತದೆ.

ಎದುರುಗಾಳಿಗೆ ಬೀಸಬೇಡಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವ ಮುಂಚೆ ಕೆಲಸ ಮುಗಿಸುವುದು ಒಳ್ಳೆಯದು. ದೋಣಿಯಿಂದಾದರೆ ನಡುವೆ ನಿಲ್ಲಿ, ಇನ್ನೊಬ್ಬರು ಕೂತು ಹುಟ್ಟು ಹಿಡಿಯಲಿ, ಲೈಫ್ ಜಾಕೆಟ್ ಇಬ್ಬರಿಗೂ ಇರಲಿ. ಫೈಬರ್ ದೋಣಿಯ ಅಂಚಿಗೆ ಮಣಿ ತಾಗಿದ ಒಂದು ಸದ್ದು ಸಾಕು, ಶೆವಟೆಯ ಗುಂಪು ಆಚೆ ದಡದಲ್ಲಿರುತ್ತದೆ.

ಮುಳುಗಿಸಿ ಎಳೆಯುವುದು

ಬಲೆ ನೀರು ಮುಟ್ಟಿದೊಡನೆ ಹಗ್ಗ ಸಡಿಲ ಬಿಡಿ. ಐದಡಿ ನೀರಿಗೆ ನಿಧಾನವಾಗಿ ಮೂರು-ನಾಲ್ಕು ಎಣಿಸಿ. ಹಗ್ಗ ಬಿಗಿ ಹಿಡಿದರೆ ನೆತ್ತಿ ಮೇಲೇ ಉಳಿದು ಅಂಚು ಒಳಸರಿಯುತ್ತದೆ, ನೆಲ ಮುಟ್ಟುವಾಗ ಬಲೆಯ ಅಗಲ ಅರ್ಧ. ಬಲೆಯ ಉದ್ದಕ್ಕಿಂತ ಹೆಚ್ಚು ಆಳದಲ್ಲಿ ಚೀಲದ ಬಲೆಯಿಂದ ಎರೆ ಹಿಡಿಯುವುದು ದಂಡ. ಸೆಳವಿದ್ದರೆ ಮೇಲ್ಗಡೆಗೆ ಬೀಸಿ. ಮುಳುಗುವಷ್ಟರಲ್ಲಿ ಬಲೆ ನೀವು ನೋಡಿದ ಜಾಗಕ್ಕೆ ಬಂದಿರುತ್ತದೆ.

ಇನ್ನು ಎಳೆಯುವುದು, ಎರಡು ಜಾತಿಗೂ ಎರಡು ಕ್ರಮ. ಎಳೆಗಳ ಬಲೆಯಲ್ಲಿ ನೆಲ ಮುಟ್ಟಿದೊಡನೆ ಒಂದು ಚುರುಕು ಜಗ್ಗು, ಬಾಯಿ ಮುಚ್ಚಿತು. ಆಮೇಲೆ ಸಮವೇಗದಲ್ಲಿ ತೆಗೆಯುವುದು. ಚೀಲದ ಬಲೆಯಲ್ಲಿ ಇದೇ ಚುರುಕು ತೋರಿಸಿದರೆ ಅಂಚು ನೆಲ ಬಿಟ್ಟು ಏಳುತ್ತದೆ, ಅದರಡಿ ಎಲ್ಲವೂ ಖಾಲಿ. ಸಡಿಲ ಹಗ್ಗ ತೆಗೆದುಕೊಂಡು, ಗೇಣು ಗೇಣಾಗಿ, ನಿಂತು ನಿಂತು ಎಳೆಯಿರಿ. ಮಣಿ ನೆಲಕ್ಕೆ ಉಜ್ಜುವುದು ಹಗ್ಗದಲ್ಲೇ ಕೈಗೆ ತಿಳಿಯುತ್ತದೆ. ಮಣಿಯೆಲ್ಲ ಒಂದು ಹೊರೆಯಾಗಿ ಕೂಡಿ ತೂಕ ಒಮ್ಮೆಲೇ ಹೆಚ್ಚಿದ ಅನುಭವವಾದಾಗ ಮಾತ್ರ ಎತ್ತುವುದು.

ಬಲೆ ಸಿಕ್ಕಿತೆಂದು ಗೊತ್ತಾದರೆ ಜಗ್ಗಾಡಬೇಡಿ. ಹಗ್ಗ ಸಡಿಲ ಬಿಟ್ಟು, ಸಿಕ್ಕಿದ ಜಾಗದ ಆಚೆ ಬದಿಗೆ ಹೋಗಿ ಅಲ್ಲಿಂದ ಎಳೆಯಿರಿ. ಹೋದ ದಾರಿಯಲ್ಲೇ ಬಿಡಿಸಿಕೊಳ್ಳುವುದು ಹೆಚ್ಚು. ಆಗದಿದ್ದರೆ ನೀರು ಇನ್ನೂ ಬತ್ತುವವರೆಗೆ ಕಾಯುವುದು. ಬಲೆ ಬಿಡಿಸಲು ಮುಳುಗುವುದು ಮಾತ್ರ ಬೇಡ, ಅದೇ ಬಲೆ ನಿಮ್ಮನ್ನು ಹಿಡಿಯುತ್ತದೆ.

ಬಲೆಯಲ್ಲಿ ಮೀಸೆಮೀನು ಇದೆಯೇ ನೋಡಿ. ಬೆನ್ನಲ್ಲೊಂದು, ಪಕ್ಕದಲ್ಲೆರಡು ಗರಗಸದಂಥ ಮುಳ್ಳು. ಕೈ ಹಾಕುವ ಬದಲು ಇಕ್ಕುಳದಲ್ಲಿ ಹಿಡಿಯಿರಿ.

ಬಕೆಟ್ಟಿನಲ್ಲಿ ಬದುಕಿಸುವುದು

ಬಕೆಟ್ಟನ್ನು ಬಲೆ ಬೀಸುವ ಮೊದಲೇ ತುಂಬಿಟ್ಟುಕೊಳ್ಳಿ, ಅದೇ ಜಾಗದ ನೀರಿನಿಂದ. ಮಂಜಗುಣಿಯ ಉಪ್ಪುನೀರಿನ ಶೆಟ್ಲಿಯನ್ನು ಮೇಲಿನ ಚಪ್ಪೆನೀರಿಗೆ ಹಾಕಿದರೆ ಬಹಳ ಹೊತ್ತು ತಡೆಯುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ಅದಕ್ಕಿಂತ ಬೇಗ ಕೊಲ್ಲುತ್ತದೆ. ಬಕೆಟ್ ದುಂಡಗಿರಲಿ, ಚೌಕ ಡಬ್ಬಿಯಲ್ಲಿ ಮೀನು ಮೂಲೆಗೆ ಮೂತಿ ಗುದ್ದಿ ಒಂದರ ಮೇಲೊಂದು ಬೀಳುತ್ತವೆ.

20 ಲೀಟರಿಗೆ ಬ್ಯಾಟರಿಯ ಗಾಳಿ ಪಂಪ್ ಇದ್ದರೆ ನಾಲ್ಕಿಂಚಿನ ಶೆವಟೆ ಹತ್ತು-ಹನ್ನೆರಡು, ಅಥವಾ ಮಧ್ಯಮ ಶೆಟ್ಲಿ ಮೂವತ್ತು. ಪಂಪ್ ಇಲ್ಲದಿದ್ದರೆ ಶೆವಟೆ ನಾಲ್ಕೈದು, ಅದೂ ಅರ್ಧ ಗಂಟೆಗೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದರೆ. ಪಂಪ್ ಇದ್ದವರೂ ನೀರು ಬದಲಿಸಬೇಕು. ಪಂಪ್ ಗಾಳಿ ಕೊಡುತ್ತದೆಯೇ ಹೊರತು ಮೀನು ಬಿಟ್ಟ ಅಮೋನಿಯಾ ತೆಗೆಯುವುದಿಲ್ಲ. ನೀರಿನ ಮೇಲೆ ನೊರೆ ಕಟ್ಟಿ ಒಡೆಯದೆ ನಿಂತರೆ ಹೊತ್ತು ಮೀರಿದೆಯೆಂದು ತಿಳಿಯಿರಿ. ಬಿಸಿಲೇರಿದಾಗ ಅರ್ಧ ಲೀಟರಿನ ಬಾಟಲಿಯಲ್ಲಿ ಗಡ್ಡೆ ಕಟ್ಟಿಸಿದ ನೀರನ್ನು ಮುಚ್ಚಳ ಬಿಗಿಮಾಡಿ ಬಕೆಟ್ಟಿನಲ್ಲಿ ತೇಲಿಬಿಡಿ. ಬರಿ ಮಂಜುಗಡ್ಡೆ ಹಾಕಿದರೆ ಉಪ್ಪಿನಂಶ ಇಳಿಯುತ್ತದೆ.

ಮೀನನ್ನು ಮುಟ್ಟುವ ಕೈ ಒದ್ದೆಯಿರಲಿ. ಒಣಗೈ ಮೈಯ ಲೋಳೆ ಕಿತ್ತುಬಿಡುತ್ತದೆ. ಸಾಧ್ಯವಾದರೆ ಕೈ ಹಾಕದೆ ಬಲೆಯಿಂದಲೇ ಬಕೆಟ್ಟಿಗೆ ಜಾರಿಸಿ. ಕಣ್ಣಿಗೆ ಸಿಕ್ಕಿ ಗಾಯವಾದದ್ದನ್ನು ಮತ್ತೊಂದು ಪಾತ್ರೆಗೆ ಹಾಕಿ ಮೊದಲು ಬಳಸಿ. ಬಕೆಟ್ಟಿನಲ್ಲಿ ಒಂದು ಸತ್ತು ಕೊಳೆಯತೊಡಗಿದರೆ ಉಳಿದವೂ ಹಿಂದೆಯೇ. ತಾರ್ಲೆ (ಬೂತಾಯಿ) ಸಿಕ್ಕರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಮುಟ್ಟಿದರೆ ಹುರುಪೆ ಉದುರುವ ಮೀನು, ಹಿಡಿದ ಹತ್ತು ನಿಮಿಷದಲ್ಲಿ ಗಾಳಕ್ಕೆ ಏರಿಸಬೇಕು. ಶೆಟ್ಲಿ ಬಕೆಟ್ಟಿಗೆ ಮುಚ್ಚಳ ಕಡ್ಡಾಯ. ರಾತ್ರಿ ಎಗರಿ ಹೋದದ್ದನ್ನು ದೋಣಿಯ ತಳದಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ. ನೀರು ಒಯ್ಯಲಾಗದಿದ್ದರೆ ಹೊಳೆನೀರಿನಲ್ಲಿ ಅದ್ದಿದ ಗೋಣಿತಟ್ಟಿನ ಪದರುಗಳ ನಡುವೆ, ತಂಪಿನಲ್ಲಿ, ಶೆಟ್ಲಿ ಸ್ವಲ್ಪ ಹೊತ್ತು ಜೀವ ಹಿಡಿದಿರುತ್ತದೆ.

ಗಾಳಕ್ಕೆ ಚುಚ್ಚುವಾಗ ಶೆವಟೆಗೆ ಮೇಲ್ದುಟಿಯ ಮೂಲಕ, ಇಲ್ಲವೇ ಬೆನ್ನಿನ ರೆಕ್ಕೆಯ ಮುಂದೆ ಚರ್ಮದಡಿ ಮಾತ್ರ. ಬೆನ್ನುಮೂಳೆ ತಾಗಿದರೆ ಈಜುವುದಿಲ್ಲ. ಶೆಟ್ಲಿಗೆ ತಲೆಯ ಮೇಲಿನ ಕೊಂಬಿನ ಬುಡದಲ್ಲಿ. ಅಲ್ಲಿ ಚಿಪ್ಪಿನೊಳಗೆ ಕಪ್ಪು ಚುಕ್ಕೆ ಕಾಣುತ್ತದೆ, ಅದಕ್ಕೆ ಮುಳ್ಳು ತಾಗಿತೆಂದರೆ ಶೆಟ್ಲಿ ಅಲ್ಲಿಗೆ ಮುಗಿಯಿತು. 2/0ರಿಂದ 4/0 ಗಾಳ ಸಾಕು. ದಪ್ಪ ತಂತಿಯ ಗಾಳ ಸಣ್ಣ ಎರೆಯನ್ನು ತನ್ನ ಭಾರಕ್ಕೇ ಕೊಲ್ಲುತ್ತದೆ. ಉಳಿದ ಎರೆಯನ್ನು ಹಿಡಿದ ಹೊಳೆಗೇ ಬಿಡಿ, ಇನ್ನೊಂದು ಹೊಳೆಗೆ ಸುರಿಯಬೇಡಿ.

ಮನೆಗೆ ಬಂದ ಮೇಲೆ

ಬಲೆಯನ್ನು ಅದೇ ದಿನ ಸಿಹಿನೀರಿನಲ್ಲಿ ಮುಳುಗಿಸಿ ಕೊಡವಿ ನೆರಳಿನಲ್ಲಿ ತೂಗುಹಾಕಿ. ಒಣಗಿದ ಉಪ್ಪಿನ ಹರಳು ಗಂಟುಗಳನ್ನು ಸವೆಸುತ್ತದೆ, ಬಿಸಿಲು ತಂಗೂಸಿಯನ್ನು ಗರಿಗರಿ ಮಾಡುತ್ತದೆ. ಮೀನು ವಾಸನೆ ಉಳಿದ ಬಲೆಯನ್ನು ಮೂಲೆಗೆ ಎಸೆದರೆ ಇಲಿ ಒಂದೇ ರಾತ್ರಿಯಲ್ಲಿ ಲೆಕ್ಕ ಚುಕ್ತಾ ಮಾಡುತ್ತದೆ. ಮಾಡಿನ ತೊಲೆಯಿಂದ ತಂತಿಯಲ್ಲಿ ನೇತುಹಾಕುವುದೇ ಸರಿ.

ಒಂದೆರಡು ಕಣ್ಣು ಹರಿದಾಗಲೇ ಹೊಲಿಯಿರಿ. ಹರಿದ ತುದಿಗಳನ್ನು ಕತ್ತರಿಸಿ, ತೂತಿನ ಮೇಲ್ತುದಿಯಲ್ಲೊಂದು ಮೂರು ಕಾಲಿನ ಗಂಟು ಉಳಿಸಿಕೊಂಡು ಅಲ್ಲಿಂದ ಶುರುಮಾಡಿ, ಹೊಸ ಕಣ್ಣು ಹಳೆಯದರಷ್ಟೇ ಇರುವಂತೆ ಐಸ್‌ಕ್ರೀಮ್ ಕಡ್ಡಿಯಂಥ ಪಟ್ಟಿಯ ಮೇಲೆ ಅಳತೆ ಹಿಡಿದು ಹೆಣೆಯುತ್ತ ಕೆಳತುದಿಯ ಗಂಟಿಗೆ ಮುಗಿಸಬೇಕು. ಗಂಟಿನ ಮೇಲೆ ಎಂಜಲು ಹಚ್ಚಿ ಬಿಗಿದರೆ ತಂಗೂಸಿ ಜಾರುವುದಿಲ್ಲ. ತೂತು ಅಂಗೈಗಿಂತ ದೊಡ್ಡದಾದರೆ ಹಳೆಯ ಬಲೆಯಿಂದ ಅದೇ ಕಣ್ಣಿನ ತುಂಡು ಕತ್ತರಿಸಿ, ಎರಡೂ ತುಂಡುಗಳ ಕಣ್ಣು ಒಂದೇ ದಿಕ್ಕಿಗೆ ಹಿಗ್ಗುವಂತೆ ಹಿಡಿದು ಕೂಡಿಸಿ. ಅಡ್ಡ ಕೂಡಿಸಿದ ತೇಪೆ ಇದ್ದ ಬದಿಯಲ್ಲಿ ಬಲೆ ಪ್ರತಿ ಸಲವೂ ಮಡಚಿಕೊಂಡೇ ಬೀಳುತ್ತದೆ.